ತಮ್ಮ ಹಡಗಿನಲ್ಲಿದ್ದಾನೆ

ಪ್ರೇಬೆನ್ ತನ್ನ ಆಯುಸ್ಸಿನ ಬಹುಭಾಗವನ್ನು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಕಳೆದವನು. ಕಿವಿ ಅರ್ಧ ಮಂದವಾದ ಮೇಲೆ ಎಸ್ಬಿಯರ್ ಬಂದರಿನ ಹತ್ತಿರ ಒಂದು ಸಣ್ಣ ಮನೆ ಹಿಡಿದು ನೆಲೆ ನಿಂತ. ಮದುವೆ ಆಗಿರಲಿಲ್ಲ. ನಿವೃತ್ತಿಯಾದ ಸ್ವಲ್ಪ ದಿನಕ್ಕೇ ಹೃದಯದ ಆಪರೇಷನ್ ಆಯಿತು. ಆಗ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಮಧ್ಯಾಹ್ನದ ಹೊತ್ತು ಆಸ್ಪತ್ರೆಗೆ ಬಂದು, ಹಾಸಿಗೆಯ ಪಕ್ಕ ಕೂತು, ಅವನ ಜೊತೆ ಇಸ್ಪೀಟು ಆಡಿ ಹೋಗುತ್ತಿದ್ದಳು. ಒಂಟಿಯಾಗಿರುವವರನ್ನು ಹೋಗಿ ಮಾತಾಡಿಸುವ ಸಂಘವೊಂದರ ಕಡೆಯವಳು ಅವಳು. ಅದಕ್ಕೆ ಅವಳಿಗೆ ಸಂಬಳವಿಲ್ಲ ಎಂದು ಪ್ರೇಬೆನ್‌ಗೆ ಆಮೇಲೆ ತಿಳಿಯಿತು. ಮನೆಗೆ ಬಂದವನೇ ಆ ಸಂಘಕ್ಕೆ ತಿಂಗಳಿಗೆ ನೂರು ಕ್ರೋನರ್ ಹೋಗುವಂತೆ ಬ್ಯಾಂಕಿನಲ್ಲಿ ಹೇಳಿಟ್ಟ. ಚರ್ಚಿಗೆ ಹೋಗದ, ಯಾವ ಪಕ್ಷವನ್ನೂ ನಂಬದ ಅವನಿಗೆ ನಂಬಿಕೆ ಅಂತ ಇದ್ದದ್ದು ಆ ಸಂಘದ ಮೇಲೆ ಮಾತ್ರ.

ಆಪರೇಷನ್ ಆದದ್ದನ್ನು ಅವನು ಅಕ್ಕ ಆಗ್ನೆಟೆಗೆ ತಿಳಿಸಿರಲಿಲ್ಲ. ಅವಳು ರೀಬೆಯಲ್ಲಿ ಒಬ್ಬಳೇ ಇದ್ದಳು. ರೈಲು ಹತ್ತಿದರೆ ಅರ್ಧ ಗಂಟೆ. ಇಬ್ಬರಿಗೂ ಜಗಳವೇನೂ ಆಗಿರಲಿಲ್ಲ. ಹಡಗಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ, ಹುಟ್ಟಿದ ದಿನಕ್ಕೆ ಫೋನು ಮಾಡುವ ರೂಢಿಯಾಗಿತ್ತು, ದಡಕ್ಕೆ ಬಂದ ಮೇಲೂ ಅದೇ ಮುಂದುವರಿಯಿತು. ಅವಳು ಪ್ರತಿ ಸಲವೂ ಯಾವಾಗ ಬರುತ್ತೀ ಎಂದು ಕೇಳುವಳು, ಅವನು ಈ ಚಳಿ ಮುಗಿಯಲಿ ಎನ್ನುವನು. ಚಳಿ ಮುಗಿದರೆ ಕೈತೋಟದ ಕೆಲಸ, ಆಮೇಲೆ ಕಾಲುನೋವು. ಹೋಗದೆ ಹೋಗದೆ, ಹೋದರೆ ಏನು ಮಾತಾಡುವುದು ಎನ್ನುವ ಸಂಕೋಚ ಬೆಳೆದುಬಿಟ್ಟಿತು. ಕೊನೆಕೊನೆಗೆ ಅವಳು ಕೇಳುವುದನ್ನೂ ನಿಲ್ಲಿಸಿದಳು. ಅವನಿಗೆ ಅದು ಹಾಯೆನಿಸಿತ್ತು.

ಒಂದು ದಿನ ಸಂಘದ ಕಚೇರಿಯಿಂದ ಹುಡುಗಿಯೊಬ್ಬಳು ಫೋನು ಮಾಡಿದಳು. ಇಷ್ಟು ವರ್ಷ ತಪ್ಪದೆ ಕೊಡುತ್ತಿರುವುದಕ್ಕೆ ಉಪಕಾರ ಸ್ಮರಿಸಿ, ವಾರಕ್ಕೊಂದು ಮಧ್ಯಾಹ್ನ ಯಾರನ್ನಾದರೂ ನೋಡಿಕೊಂಡು ಬರಲು ಆಗುತ್ತದೆಯೇ ಎಂದು ಕೇಳಿದಳು.

"ದುಡ್ಡು ಹೆಂಗೋ ಬರುತ್ತೆ ಪ್ರೇಬೆನ್. ಹೋಗಿ ಬಾಗಿಲು ತಟ್ಟೋರೇ ಸಾಲ್ತಿಲ್ಲ."

"ನಂಗೆ ಮಾತಾಡೋಕೆ ಬರಲ್ಲ ಕಣಮ್ಮ. ಎಂಜಿನ್ ಜೊತೆ ಸಂಸಾರ ಮಾಡಿದೋನು ನಾನು. ಬೇಕಾದ್ರೆ ಇನ್ನೊಂದು ಐವತ್ತು ಸೇರಿಸ್ಕೋ."

ಹುಡುಗಿ ನಕ್ಕು ಸೇರಿಸಿಕೊಂಡಳು. ಅವತ್ತು ಸಂಜೆ ಪ್ರೇಬೆನ್ ಏನೋ ದೊಡ್ಡ ಕೆಲಸ ಮಾಡಿದವನಂತೆ ಬಿಯರ್ ಬಾಟಲಿ ತೆರೆದು ಕುಡಿದ.

ಮುಂದಿನ ವಸಂತದಲ್ಲಿ ಆಗ್ನೆಟೆ ನಿದ್ದೆಯಲ್ಲೇ ತೀರಿಕೊಂಡಳು. ರೀಬೆಯ ಚರ್ಚಿನಲ್ಲಿ ಸೇರಿದ್ದವರು ಕೈಬೆರಳಲ್ಲಿ ಎಣಿಸುವಷ್ಟು ಜನ. ಮಣ್ಣು ಮುಗಿಸಿ ಪಕ್ಕದ ಹಾಲ್‌ನಲ್ಲಿ ಕಾಫಿಗೆ ಕೂತಾಗ, ಎಲ್ಲರಿಗೂ ಕೇಕು ಹಂಚುತ್ತಿದ್ದ ದಪ್ಪನೆಯ ಹೆಂಗಸೊಬ್ಬಳು ಅವನ ಮುಂದೆ ಬಂದು ನಿಂತಳು. ಅವಳ ಕಣ್ಣು ಅತ್ತೂ ಅತ್ತೂ ಕೆಂಪಾಗಿತ್ತು.

"ನೀವು ಪ್ರೇಬೆನ್ ತಾನೆ? ಫೋಟೋದಲ್ಲಿರೋ ಹಾಗೇ ಇದೀರ, ಕೂದಲೊಂದು ಬಿಟ್ಟು. ಪಾಪ, ಎಲ್ಲಿಂದ ಬಂದ್ರೋ ಏನೋ. ಯಾವ ಬಂದರಲ್ಲಿ ಇಳಿದ್ರಿ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಅವಳೇ ಮುಂದುವರಿಸಿದಳು: "ಆಗ್ನೆಟೆ ಯಾವಾಗ್ಲೂ ಅನ್ನೋರು, ನನ್ ತಮ್ಮ ಇನ್ನೂ ಹಡಗಲ್ಲೇ ಇದಾನೆ, ಊರಲ್ಲಿದ್ದಿದ್ರೆ ವಾರ ವಾರ ಬಂದುಬಿಡ್ತಿದ್ದ ಅಂತ."

ಕೈಯಲ್ಲಿದ್ದ ಕಪ್ಪನ್ನು ಪ್ರೇಬೆನ್ ಮೆಲ್ಲಗೆ ಕೆಳಗಿಟ್ಟ. ಆಮೇಲೆ, "ರಾಟರ್‌ಡ್ಯಾಮ್," ಎಂದ.

ಅವಳ ಹೆಸರು ವಿಬೆಕೆ, ಶಾಲೆಯ ಬಸ್ಸು ಓಡಿಸುವವಳು. ಸಂಘದ ಕಡೆಯಿಂದ ನಾಲ್ಕು ವರ್ಷ ಪ್ರತಿ ಗುರುವಾರ ಆಗ್ನೆಟೆಯ ಮನೆಗೆ ಬರುತ್ತಿದ್ದಳಂತೆ. ಯಾವ ಸಂಘವೆಂದು ಅವನು ಕೇಳಬೇಕಾಗಲಿಲ್ಲ. ಅವಳ ಕೋಟಿನ ಮೇಲೆ ಅದರ ಬಿಲ್ಲೆ ಇತ್ತು. ಆಗ್ನೆಟೆ ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದುದು, ರೈ ಹಿಟ್ಟಿನ ಬ್ರೆಡ್ಡಿನ ಅಂಚನ್ನು ಕತ್ತರಿಸಿ ಕಾಗೆಗಳಿಗೆ ಹಾಕುತ್ತಿದ್ದುದು, ಕಣ್ಣು ಮಂಜಾದ ಮೇಲೂ ಒಪ್ಪಿಕೊಳ್ಳದೆ ಪತ್ರಿಕೆ ಹಿಡಿದು ಕೂರುತ್ತಿದ್ದುದು, ಎಲ್ಲವನ್ನೂ ವಿಬೆಕೆ ಹೇಳಿದಳು. ಅಕ್ಕನ ಕಣ್ಣು ಮಂಜಾಗಿದ್ದುದೇ ಪ್ರೇಬೆನ್‌ಗೆ ಗೊತ್ತಿರಲಿಲ್ಲ. ತಾನೂ ಆ ಸಂಘಕ್ಕೆ ದುಡ್ಡು ಕೊಡುವವನು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡ.

ಮನೆಗೆ ಮರಳುವ ರೈಲು ಹತ್ತಿ ಕೂತು, ಕೋಟು ಬಿಚ್ಚಿ ಕಿಟಕಿಯ ಆಚೆ ನೋಡುವಷ್ಟರಲ್ಲಿ ಎಸ್ಬಿಯರ್ ಬಂದುಬಿಟ್ಟಿತು. ಇಷ್ಟೇ ದಾರಿ. ಜನರ ಎದುರು ತಮ್ಮನ ಮಾನ ಉಳಿಸಲು ಅಕ್ಕ ಅವನನ್ನು ಮತ್ತೆ ಸಮುದ್ರಕ್ಕೆ ಕಳಿಸಿದ್ದಳು. ಪ್ರತಿ ಗುರುವಾರ ಆ ಸುಳ್ಳನ್ನು ಹೇಳುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ಊಹಿಸಲು ಹೋದರೆ, ಅವನಿಗೆ ಅವಳ ಮುಖವೇ ಸರಿಯಾಗಿ ನೆನಪಾಗಲಿಲ್ಲ.

ಬೇಸಿಗೆಯ ಹೊತ್ತಿಗೆ ಅವನೇ ಸಂಘಕ್ಕೆ ಫೋನು ಮಾಡಿದ. ಅವರು ಅವನನ್ನು ಓಲುಫ್ ಎಂಬ ಮುದುಕನ ಬಳಿಗೆ ಕಳಿಸಿದರು. ಒಂದು ಕಾಲದಲ್ಲಿ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದವನು, ಈಗ ಗಾಲಿಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಹ್ಯಾಂಡ್‌ಬಾಲ್ ನೋಡುತ್ತಾನೆ. ಮೊದಲ ಎರಡು ವಾರ ಮಾತೇ ಆಡಲಿಲ್ಲ. ಮೂರನೆಯ ವಾರ ತಲೆ ತಿರುಗಿಸದೆಯೇ ಕೇಳಿದ:

"ನಿಂಗೆ ನಿನ್ನೋರು ಅಂತ ಯಾರೂ ಇಲ್ವೇನಯ್ಯ, ನನ್ ಮನೇಲಿ ಬಂದು ಕೂತ್ಕೊಳ್ಳೋಕೆ?"

"ಅಕ್ಕ ಇದ್ಲು. ರೀಬೇಲಿ."

"ಇಲ್ಲೇ ಅಲ್ವಾ ಅದು. ಹೋಗ್ತಿದ್ಯಾ?"

ಹೂಂ ಎಂದುಬಿಟ್ಟರೂ ಓಲುಫ್ ನಂಬುತ್ತಿದ್ದ.

"ಇಲ್ಲ. ಕಾರಣ ಅಂತ ಏನೂ ಇರ್ಲಿಲ್ಲ. ಸುಮ್ನೆ ಹೋಗ್ಲಿಲ್ಲ."

"ಹೋಗ್ಬೇಕಿತ್ತು," ಎಂದ ಓಲುಫ್.

"ಹೌದು, ಹೋಗ್ಬೇಕಿತ್ತು."

ಓಲುಫ್ ಟಿವಿಯ ಸದ್ದು ಒಂದಿಷ್ಟು ಕಡಿಮೆ ಮಾಡಿ, ಕಾಫಿ ಆರುತ್ತಿದೆ ಎಂದು ಕೈ ತೋರಿಸಿದ. ಮುಂದಿನ ವಾರವೂ ಪ್ರೇಬೆನ್ ಹೋದ, ಅದರ ಮುಂದಿನ ವಾರವೂ. ಹಾಗೆ ಹೋಗುವುದರಿಂದ ಮನಸ್ಸು ಹಗುರಾಗಲಿಲ್ಲ. ಹಗುರಾಗಲಿ ಎಂದು ಅವನು ಕೇಳಿಕೊಳ್ಳಲೂ ಇಲ್ಲ.