ನೆಲ್ಸನ್ ಹೇಳಿದ ಮೇಲೆ

ಜರ್ಮನಿಯ ರೇಗನ್ಸ್‌ಬರ್ಗಿಗೆ ಬಂದ ದಿನದಿಂದ ಝುಹೈಬ್ ಮನೆಯಾಚೆ ತಿಂದದ್ದೆಲ್ಲ ನೆಲ್ಸನ್‌ನ ಮಾತಿನ ಮೇಲೆ ತಿಂದದ್ದು. ಕಂಪ್ಯೂಟರ್ ಚಿಪ್ ಕಾರ್ಖಾನೆಯೊಳಗೆ ಇಂಗ್ಲಿಷ್ ಒಂದಿದ್ದರೆ ಸಂಬಳಕ್ಕೆ ತೊಂದರೆಯಿಲ್ಲ. ಆದರೆ ಅಂಗಡಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಆ ದಾಕ್ಷಿಣ್ಯ ಎಲ್ಲಿಯದು? ಅದರ ಬೆನ್ನಿಗೆ ಇರುವುದು ಇರುವೆ ಸಾಲಿನಂಥ ಜರ್ಮನ್ ಅಕ್ಷರ. ಝುಹೈಬ್ ಕಲಿಯುತ್ತೇನೆ ಕಲಿಯುತ್ತೇನೆ ಎಂದು ಎರಡು ಕ್ಲಾಸಿಗೆ ಸೇರಿ ಎರಡನ್ನೂ ಬಿಟ್ಟಿದ್ದ. ನೆಲ್ಸನ್ ಅವನಿಗಿಂತ ಮೊದಲೇ ಬಂದವನು, ಅದೇ ಕಾರ್ಖಾನೆಯವನು, ಇಲ್ಲಿಯವರ ಜೊತೆ ಇಲ್ಲಿಯವರ ಭಾಷೆಯಲ್ಲಿ ಜಗಳ ಮಾಡಿ ಗೆದ್ದು ಬರುವಷ್ಟು ಕಲಿತವನು. ಪೊಟ್ಟಣ ಎತ್ತಿ, ತಿರುಗಿಸಿ, ಕಣ್ಣು ಕಿರಿದು ಮಾಡಿ, "ಇದ್ರಲ್ಲಿ ಶ್ಮಾಲ್ಟ್ಸ್ ಉಂಟು ಮಾರಾಯ, ಹಂದಿ ಕೊಬ್ಬು, ಇಡು ವಾಪಸ್" ಎಂದರೆ ಝುಹೈಬ್ ವಾಪಸ್ ಇಡುತ್ತಿದ್ದ. "ಇದು ಆಗ್ತದೆ" ಎಂದರೆ ಅಲ್ಲೇ ಒಡೆದು ತಿನ್ನುತ್ತಿದ್ದ. ಹೋಟೆಲಿಗೆ ಹೋದರೆ ನೆಲ್ಸನ್ ಎದ್ದು ಅಡುಗೆಮನೆಯ ಬಾಗಿಲಿನ ತನಕ ಹೋಗಿ ವಿಚಾರಿಸಿ ಬರುತ್ತಿದ್ದ. ಯಾವುದು ಹಲಾಲ್ ಯಾವುದು ಅಲ್ಲ ಎಂದು ತೀರ್ಪು ಕೊಡುವವನೆಂದು ಊರಿನ ಗೆಳೆಯರು ಅವನಿಗೆ ಮುಫ್ತಿ ಸಾಹೇಬ್ರು ಎಂದು ಹೆಸರಿಟ್ಟಿದ್ದರು. ಭಾನುವಾರ ಭಾನುವಾರ ಸಣ್ಣಾಸ್ ಇಡ್ಲಿ ಜೊತೆ ಹಂದಿ ಮಾಂಸ ಬಾರಿಸುವ ಮುಫ್ತಿ! ಆ ಹೆಸರಿಗೆ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಿದ್ದವನು ನೆಲ್ಸನ್ನೇ.

ಇಬ್ಬರೂ ಮಂಗಳೂರಿನ ಕಡೆಯವರು, ಅಲ್ಲಿಯ ಒಂದೇ ಇಂಜಿನಿಯರಿಂಗ್ ಕಾಲೇಜಿನವರು. ನೆಲ್ಸನ್‌ನ ಮನೆ ದೂರದ ಹಳ್ಳಿಯಲ್ಲಿ, ಹಾಗಾಗಿ ಹಾಸ್ಟೆಲಿನಲ್ಲಿದ್ದ. ಹಾಸ್ಟೆಲಿನ ಸಾರು ಸೇರದೆ ನೆಲ್ಸನ್ ವಾರಕ್ಕೊಮ್ಮೆ ಬಂದರಿನ ಝುಹೈಬ್‌ನ ಮನೆಗೆ ಹೋಗಿ ಹೊಟ್ಟೆ ಬಿರಿಯುವಷ್ಟು ಉಂಡು ಬರುತ್ತಿದ್ದ. ಝುಹೈಬ್‌ನ ಉಮ್ಮ ಅವನಿಗೆಂದೇ ಪತ್ತಿರ್ ಎಂಬ ಅಕ್ಕಿ ರೊಟ್ಟಿ ಬಿಸಿ ಬಿಸಿ ಮಾಡಿ ಹಾಕುತ್ತಿದ್ದರು. ಮಗನನ್ನು ಮೋನೇ ಎಂದು ಕರೆಯುವ ಹಾಗೆಯೇ ಅವನನ್ನೂ ಮೋನೇ ಎಂದು ಕರೆಯುತ್ತಿದ್ದರು.

ಆ ಉಮ್ಮ ಈ ಬೇಸಿಗೆಯಲ್ಲಿ ಜರ್ಮನಿಗೆ ಬಂದರು. ಹಿಂದಿನ ವರ್ಷವಷ್ಟೇ ಹಜ್ ಮುಗಿಸಿ ಹಜ್ಜುಮ್ಮ ಆಗಿದ್ದರು. ಹಜ್‌ನಿಂದ ಬಂದ ನಾಲಿಗೆಗೆ ಇನ್ನು ಸಂಶಯದ ಒಂದು ತುತ್ತೂ ಬೀಳಬಾರದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು. "ಹೊರಗೆ ಎಲ್ಲಿಗೆ ಕರ್ಕೊಂಡು ಹೋದ್ರೂ ನಾನು ಮೊಟ್ಟೆ, ಬಾಳೆಹಣ್ಣು ತಿಂದು ಇರ್ತೇನೆ, ನನ್ನನ್ನು ಒತ್ತಾಯ ಮಾಡ್ಬೇಡಿ" ಎಂದು ಮೊದಲ ದಿನವೇ ಹೇಳಿಬಿಟ್ಟರು. ಆಮೇಲೆ ನೆಲ್ಸನ್ ಬಂದು ಎದುರು ಕೂತು, "ಉಮ್ಮ, ನಾನಿಲ್ವಾ? ನಾನು ಕೇಳದೆ ನಿಮ್ಮ ತಟ್ಟೆಗೆ ಎಂತದೂ ಬರುದಿಲ್ಲ" ಎಂದ. ಉಮ್ಮ ಅವನ ಮುಖ ನೋಡಿದರು. "ನೀನು ಹೇಳಿದ ಮೇಲೆ ಮುಗೀತು ಮೋನೇ" ಎಂದರು. ಹೆತ್ತ ಮಗ ಬೇಡಿಕೊಂಡರೂ ಸಡಿಲಿಸದ ಹಟ ಅಲ್ಲಿ ಸಡಿಲಿತು. ಝುಹೈಬ್‌ಗೆ ಹೊಟ್ಟೆಕಿಚ್ಚಾಗಲಿಲ್ಲ, ಹೆಮ್ಮೆಯೇ ಆಯಿತು.

ಆಗಸ್ಟಿನಲ್ಲಿ ಮೂವರೂ ಸ್ಪೇನಿನ ಸೆವಿಲ್ ನಗರಕ್ಕೆ ಹೋದರು. ನೆಲ್ಸನ್‌ನ ಹೆಂಡತಿ ಜಾಯ್ಸ್ ನರ್ಸು, ಅವಳಿಗೆ ರಜೆ ಸಿಗಲಿಲ್ಲ. ನಮ್ಮವರು ಕಟ್ಟಿದ ಅರಮನೆ ಇದೆಯಂತೆ, ನೋಡಬೇಕು ಎಂದು ಆಸೆಪಟ್ಟವರು ಉಮ್ಮನೇ. ಅಬ್ಬಬ್ಬಾ, ಆ ಬಿಸಿಲು! ಮಂಗಳೂರಿನ ಮೇ ತಿಂಗಳು ಇದರೆದುರು ಏನೂ ಅಲ್ಲ. ಆದರೂ ಉಮ್ಮ ಒಂದು ದಿನವೂ ಸೋತೆ ಎನ್ನಲಿಲ್ಲ. ಅರಮನೆಯ ಗೋಡೆಯ ಮೇಲೆ ಅರಬ್ಬೀ ಅಕ್ಷರ ಕಂಡು, ಒಂದೊಂದೇ ಕೂಡಿಸಿ ಓದಿ, ಅಲ್ಲಾಹುವಿನ ಹೆಸರು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿತ್ರಗಳ ಮ್ಯೂಸಿಯಮ್ಮಿನಲ್ಲಿ ಆಳೆತ್ತರದ ಸಂತರ ಚಿತ್ರಗಳು ಸಾಲುಗಟ್ಟಿ ನಿಂತಿದ್ದವು. ನೆಲ್ಸನ್ ಅವರ ಕೈ ಹಿಡಿದು ಒಬ್ಬೊಬ್ಬರದೇ ಕತೆ ಹೇಳಿದ.

"ಇವರು ಸಂತ ಅಂತೋನಿ, ಉಮ್ಮ."

"ನಮ್ಮೂರ ಜೆಪ್ಪು ಆಶ್ರಮದ ಅಂತೋನಿಯವರಾ? ಅವರು ಇಲ್ಲಿಗೂ ಬಂದಿದ್ದಾರಾ!"

ಕಾವಲಿಗಿದ್ದ ಹೆಂಗಸು ತುಟಿಗೆ ಬೆರಳಿಟ್ಟು ಸುಮ್ಮನಿರಿಸುವಷ್ಟು ಜೋರಾಗಿ ಮೂವರೂ ನಕ್ಕರು.

ತಾಪತ್ರಯ ಇದ್ದದ್ದು ಊಟದ್ದು. ನೆಲ್ಸನ್‌ಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಫೋನು, ಕೈಸನ್ನೆ, ಹರಕು ಮುರುಕು ಇಂಗ್ಲಿಷ್ ಎಲ್ಲ ಸೇರಿಸಿ ಪ್ರತಿ ಹೋಟೆಲಿನಲ್ಲೂ ವಿಚಾರಣೆ ನಡೆಸಬೇಕು. ಎಣ್ಣೆ ಯಾವುದು? ಅದೇ ಬಾಣಲೆಯಲ್ಲಿ ಬೇರೇನು ಕರಿದಿದ್ದೀರಿ? ಮೊದಲೆರಡು ದಿನ ಕರಿದ ಸ್ಕ್ವಿಡ್, ಅಂದರೆ ಊರಿನ ಬೊಂಡಾಸ್, ಮೀನು, ಮೊಟ್ಟೆ–ಬಟಾಟೆಯ ದಪ್ಪ ದೋಸೆ ಎಂದು ಹೇಗೋ ಸಾಗಿತು. ಮೂರನೆಯ ದಿನ ನದಿಯಾಚೆಯ ಟ್ರಿಯಾನಕ್ಕೆ ಹೋದರು. ಅಲ್ಲಿ ಹಳೆಯ ಕುಂಬಾರರ ಭಟ್ಟಿಗಳನ್ನೇ ಮ್ಯೂಸಿಯಮ್ ಮಾಡಿದ್ದಾರೆ. ಉಮ್ಮನ ಅಪ್ಪ ನೇತ್ರಾವತಿ ದಡದ ಹಂಚಿನ ಕಾರ್ಖಾನೆಯಲ್ಲಿದ್ದವರು. ಆ ಭಟ್ಟಿಗಳನ್ನು ಕಂಡು ಉಮ್ಮ ಚಿಕ್ಕ ಹುಡುಗಿಯಾಗಿಬಿಟ್ಟರು, ಹೊರಡಲು ಒಪ್ಪಲೇ ಇಲ್ಲ. ಹೊರಗೆ ಬರುವಾಗ ಊಟದ ಹೊತ್ತು ಜಾರಿತ್ತು. ಆಗಸ್ಟ್ ತಿಂಗಳು, ಅರ್ಧಕ್ಕರ್ಧ ಹೋಟೆಲುಗಳು ರಜೆಯ ಬೋರ್ಡು ನೇತುಹಾಕಿದ್ದವು. ತೆರೆದವುಗಳ ಒಳಗೆ ಅಟ್ಟದಿಂದ ಹಂದಿಯ ತೊಡೆಗಳು ಸಾಲಾಗಿ ತೂಗುತ್ತಿದ್ದವು. ಉಮ್ಮ ಸೆರಗನ್ನು ಮೂಗಿಗೆ ಹಿಡಿದು ಮುಂದೆ ನಡೆದರು.

"ಇಲ್ಲಿ ಬೇಡ ಮೋನೇ. ಮುಂದೆ ನೋಡುವ."

"ಮುಂದೆಯೂ ಇದೇ ಉಮ್ಮ!" ನೆಲ್ಸನ್‌ನ ದನಿ ಮೊದಲ ಸಲ ಏರಿತು. ಕೂಡಲೇ ತಗ್ಗಿಸಿಕೊಂಡ. "ನಿಮ್ದು ಶುಗರ್ ಮಾತ್ರೆ ಆಗಿದೆ ಅಲ್ವಾ? ಸುಮ್ನೆ ತಿರುಗಿದ್ರೆ ತಲೆ ತಿರುಗ್ತದೆ."

ಗಲ್ಲಿಯ ಮೂಲೆಯಲ್ಲೊಂದು ಸಣ್ಣ ಹೋಟೆಲು. ಉಮ್ಮನನ್ನೂ ಝುಹೈಬ್‌ನನ್ನೂ ಹೊರಗೆ ಕೊಡೆಯ ನೆರಳಿನಲ್ಲಿ ಕೂರಿಸಿ ನೆಲ್ಸನ್ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹಣೆ ಒರೆಸಿಕೊಳ್ಳುತ್ತ ಬಂದ. "ಪಾಲಕ್ ಮತ್ತೆ ಕಡಲೆ. ಬೆಳ್ಳುಳ್ಳಿ, ಜೀರಿಗೆ. ಬೇರೆ ಎಂತದೂ ಇಲ್ಲ ಉಮ್ಮ, ಕಿಚನ್ನಿಗೇ ಹೋಗಿ ಕೇಳಿ ಬಂದೆ."

ಉಮ್ಮ ಬಿಸ್ಮಿಲ್ಲಾ ಎಂದು ಕೈ ಹಾಕಿದರು. ಝುಹೈಬ್ ತಾಯಿ ಇಷ್ಟು ಆಸೆಯಿಂದ ಉಂಡದ್ದನ್ನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದರು, ನಾಚಿಕೆಯಿಂದಲೇ ಇನ್ನೊಂದು ತಟ್ಟೆ ಕೇಳಿದರು. ಬಡಿಸಿದ ಹುಡುಗಿಗೆ ತಮ್ಮ ಮನೆಮಾತು ಬ್ಯಾರಿಯಲ್ಲೇ ದೇವರು ಒಳ್ಳೆಯದು ಮಾಡಲಿ ಎಂದು ಹರಸಿದರು. ಏಳುವಾಗ ನೆಲ್ಸನ್‌ನ ತಲೆಯ ಮೇಲೆ ಕೈಯಿಟ್ಟು, "ಹೊಟ್ಟೆ ತಂಪು ಮಾಡಿದೆ ಮೋನೇ" ಎಂದರು. ನೆಲ್ಸನ್ ತಲೆ ಬಗ್ಗಿಸಿ ನಿಂತಿದ್ದ. ವಿನಯ ಎಂದುಕೊಂಡ ಝುಹೈಬ್. ಎಂಥ ದಡ್ಡ!

ತಿಂಗಳ ಕೊನೆಗೆ ಉಮ್ಮ ಊರಿಗೆ ಹೋದರು. ಸೆಪ್ಟೆಂಬರ್ ಎಂಟಕ್ಕೆ ನೆಲ್ಸನ್‌ನ ಮನೆಯಲ್ಲಿ ಮೊಂತಿ ಹಬ್ಬ. ಮಂಗಳೂರಿನ ಕ್ರೈಸ್ತರಿಗೆ ಅದು ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಅಕ್ಕಿ ಊಟದ ದಿನ. ಅವತ್ತು ಮೀನು ಮಾಂಸ ಮನೆಯೊಳಗೆ ಬರುವ ಹಾಗಿಲ್ಲ. ವರ್ಷದಲ್ಲಿ ಅದೊಂದು ದಿನ ಝುಹೈಬ್ ಆ ಮನೆಯಲ್ಲಿ ಯಾರನ್ನೂ ಕೇಳದೆ ಯಾವ ಪಾತ್ರೆಗೂ ಸೌಟು ಹಾಕಬಹುದಿತ್ತು. ಊರಿನಿಂದ ಬಂದ ಒಣಗಿದ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ, ಪ್ರಾರ್ಥನೆ ಮಾಡಿ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟಾಯಿತು. ಹದಿನೈದಿಪ್ಪತ್ತು ಜನ, ಮಕ್ಕಳು ಜರ್ಮನ್‌ನಲ್ಲಿ ಕಿರುಚಾಡುತ್ತ ಸೋಫಾ ಹತ್ತಿಳಿಯುತ್ತಿದ್ದರು. ಝುಹೈಬ್ ತಟ್ಟೆ ಹಿಡಿದು ಅಡುಗೆಮನೆಗೆ ಹೋದ.

ಜಾಯ್ಸ್ ಅಲ್ಲಿ ಬಡಿಸುತ್ತಿದ್ದಳು. ಆ ದಿನ ಪಲ್ಯಗಳ ಲೆಕ್ಕ ಬೆಸವಾಗಿರಬೇಕು ಎಂಬುದು ಅವರ ಪದ್ಧತಿ. "ಲೆಕ್ಕ ಹಾಕುವಾಗ ಸಮ ಬಂತು ಮಾರಾಯ, ಒಂದು ಕಡಿಮೆ. ಫ್ರಿಜ್ಜಲ್ಲಿ ಪಾಲಕ್ ಇತ್ತು, ಡಬ್ಬಿಯಲ್ಲಿ ಕಡಲೆ ಇತ್ತು. ಸರಿ, ನಿಮ್ಮ ಸ್ಪೇನಿನದ್ದೇ ಮಾಡಿಬಿಟ್ಟೆ" ಎಂದು ಒಂದು ಪಾತ್ರೆಯ ಮುಚ್ಚಳ ತೆಗೆದಳು. "ನೆಲ್ಸನ್ ಹೇಳಿದ ಹಾಗೇ ಮಾಡಿದ್ದು. ಆ ಹೋಟೆಲಿನವರು ಹಂದಿ ಕಾಲಿನ ಎಲುಬು ಹಾಕಿ ಬೇಯಿಸ್ತಾರಂತೆ, ರುಚಿಯೆಲ್ಲ ಅದರದ್ದೇ ಅಂತೆ. ಇವತ್ತು ಅದು ಹಾಕ್ಲಿಕ್ಕೆ ಉಂಟಾ? ಪಾಪ, ಅಲ್ಲಿ ನಿಂಗೂ ಉಮ್ಮನಿಗೂ ತಿನ್ಲಿಕ್ಕೆ ಆಗಿರ್ಲಿಕ್ಕಿಲ್ಲ. ಈಗ ಧೈರ್ಯವಾಗಿ ತಿನ್ನು."

ಎರಡು ಸೌಟು ಹಾಕಿದಳು. ಅವಳ ಮುಖದಲ್ಲಿ ಕಪಟದ ಗಾಳಿಯೂ ಇರಲಿಲ್ಲ, ಅದೇ ಎದೆಗೆ ಇರಿಯಿತು. ಝುಹೈಬ್ ತಟ್ಟೆಯನ್ನು ಸಿಂಕಿನ ಪಕ್ಕ ಇಟ್ಟ. ತುಂಬಿದ ತಟ್ಟೆ ಹಾಗೇ ಇಟ್ಟದ್ದನ್ನು ಕಂಡು ಜಾಯ್ಸ್, "ಎಂತ ಆಯ್ತು?" ಎಂದಳು. ಫೋನು ಬಂತು ಎಂದು ಹೇಳಿ ಅವನು ಹೊರಬಿದ್ದ.

ನೆಲ್ಸನ್ ಬಾಲ್ಕನಿಯಲ್ಲಿ ಬಿಯರ್ ಬಾಟ್ಲಿಗಳನ್ನು ಬಕೆಟ್ಟಿನ ನೀರಿಗೆ ಇಳಿಸುತ್ತಿದ್ದ. ಝುಹೈಬ್ ಬಾಗಿಲೆಳೆದುಕೊಂಡ.

"ಆ ಪಾಲಕ್ಕಿನಲ್ಲಿ ಎಲುಬು ಇತ್ತಾ?"

ನೆಲ್ಸನ್ ಯಾವ ಪಾಲಕ್ ಎಂದು ಕೇಳಲಿಲ್ಲ. ಬಾಟ್ಲಿಯನ್ನು ನೀರಿಗೆ ಬಿಟ್ಟು ಕೈ ಒರೆಸಿಕೊಂಡ. "ಜಾಯ್ಸ್ ಹೇಳಿದ್ಳಾ?"

"ನನ್ನ ಉಮ್ಮ ತಿಂದ್ರು, ನೆಲ್ಸನ್."

"ಉಮ್ಮ ನಡುಗ್ತಾ ಇದ್ರು ಮಾರಾಯ. ನೀನು ನೋಡ್ಲಿಲ್ಲ, ನಾನು ನೋಡಿದೆ. ಅಲ್ಲೇ ಬಿದ್ದುಬಿಟ್ಟಿದ್ರೆ?"

"ಬ್ಯಾಗಲ್ಲಿ ಕಿತ್ತಳೆ ಇತ್ತು. ಬ್ರೆಡ್ ಇತ್ತು. ಇಂತಿಂಥದ್ದು ಉಂಟು ಉಮ್ಮ, ತಿನ್ತೀರಾ ಬಿಡ್ತೀರಾ ಅಂತ ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ತಿನ್ತಿದ್ರಾ? ಮಾಂಸ ಇಲ್ಲ, ಬರೀ ಎಲುಬಿನ ನೀರು ಅಂದ ಒಳಗಿದ್ದವ. ನಂಗೂ ಹಸಿವಾಗಿತ್ತು, ನಂಗೂ ಬಿಸಿಲಿತ್ತು. ಮೂರು ದಿನದಿಂದ ಒಂದೊಂದು ಬಾಗಿಲಲ್ಲೂ ಭಿಕ್ಷೆ ಬೇಡಿದ ಹಾಗೆ ನಿಂತದ್ದು ಯಾರು? ನೀನಾ?" ನೆಲ್ಸನ್‌ನ ಮುಖ ಕೆಂಪಾಗಿತ್ತು. "ಇಲ್ಲಿಯೂ ಅಷ್ಟೇ. ವೇಟರ್ ನನ್ನ ಮುಖ ನೋಡಿ ಕಣ್ಣು ಮೇಲೆ ಮಾಡುದು ನಿಂಗೆ ಕಾಣುದಿಲ್ಲ. ಇಷ್ಟು ವರ್ಷ ಆಯ್ತಲ್ಲ, ನೀನೇ ಕಲೀಬಹುದಿತ್ತು ಜರ್ಮನ್!"

ಆ ಮಾತು ತಪ್ಪಿರಲಿಲ್ಲ. ಕಲಿಯಬಹುದಿತ್ತು. ಕಲಿಯದೆ ತನ್ನ ದೀನನ್ನೇ, ತನ್ನ ಧರ್ಮವನ್ನೇ, ಇನ್ನೊಬ್ಬನ ಹೆಗಲಿಗೆ ಹೊರಿಸಿ ತಾನು ಕೈ ಬೀಸಿಕೊಂಡು ನಡೆದದ್ದು ಝುಹೈಬ್‌ಗೆ ಈಗ ನಿಚ್ಚಳವಾಗಿ ಕಂಡಿತು, ಕಂಡು ಸಿಟ್ಟು ಇನ್ನಷ್ಟು ಏರಿತು. ಆದರೆ "ಇಲ್ಲಿಯೂ ಅಷ್ಟೇ" ಎಂಬ ಮಾತು ಕಿವಿಯಲ್ಲಿ ಸಿಕ್ಕಿಕೊಂಡಿತ್ತು.

"ಅದೊಂದೇ ಸಲವಾ?"

ನೆಲ್ಸನ್ ಕಂಬಿಯಾಚೆ ರಸ್ತೆಯನ್ನು ನೋಡಿದ.

"ನೆಲ್ಸನ್, ಅದೊಂದೇ ಸಲ ಅಂತ ಹೇಳು. ಸುಳ್ಳಾದ್ರೂ ಹೇಳು."

ಒಳಗೆ ಯಾರೋ ಹಾಡು ಹಾಕಿದರು. ನೆಲ್ಸನ್‌ನ ಕಣ್ಣು ತುಂಬಿತ್ತು, ನಾಟಕವೇನಲ್ಲ, ಅವನು ಅಂಥವನಲ್ಲ. "ನಿನ್ನ ಹತ್ರ ಇನ್ನು ಸುಳ್ಳು ಹೇಳುದಿಲ್ಲ ಮಾರಾಯ" ಎಂದ.

ನಿಜ ಹೇಳಲು ಇವನಿಗೆ ಸಿಕ್ಕ ಮುಹೂರ್ತ ಇದೇ ಆಯಿತೇ! ಝುಹೈಬ್ ಜಾಕೆಟ್ ತೆಗೆದುಕೊಂಡು, ಜಾಯ್ಸ್‌ಗೂ ಹೇಳದೆ ಮೆಟ್ಟಿಲಿಳಿದ. ಎಷ್ಟು ಸಲ, ಎಲ್ಲೆಲ್ಲಿ, ಏನೇನು? ಬೇಕರಿಯ ಬನ್ನು, ಕ್ಯಾಂಟೀನಿನ ಸೂಪು, ಕ್ರಿಸ್ಮಸ್ ಸಂತೆಯ ಬಿಸಿ ಬಟಾಟೆ, ರಂಜಾನಿನಲ್ಲಿ ನೆಲ್ಸನ್ ಓಡಿ ಹೋಗಿ ತಂದುಕೊಟ್ಟ ಇಫ್ತಾರಿನ ಪೊಟ್ಟಣಗಳು. ಒಂದೊಂದನ್ನೂ ನೆನೆಯುತ್ತ ಬಸ್ ಸ್ಟಾಪಿನಲ್ಲಿ ಕೂತ. ಯಾವುದನ್ನು ಕಳೆಯುವುದು, ಯಾವುದನ್ನು ಇಟ್ಟುಕೊಳ್ಳುವುದು ತಿಳಿಯಲಿಲ್ಲ. ತಿಂದ ಅನ್ನ ಹೋಗಲಿ, ತಿನ್ನಿಸಿದವನ ಪ್ರೀತಿಯಲ್ಲೂ ಈಗ ಎಷ್ಟು ನಿಜ ಎಷ್ಟು ಬೆರಕೆ ಎಂದು ಹುಡುಕುವ ಹಾಗಾಯಿತಲ್ಲ! ಅತ್ತರೆ ಯಾರಾದರೂ ನೋಡುತ್ತಾರೆಂದು ಅಳಲಿಲ್ಲ.

ಆಗ ಉಮ್ಮನ ಫೋನು ಬಂತು. ವಿಡಿಯೋ ಇಲ್ಲ, ಬರೀ ಮಾತು, ಅಷ್ಟೇ ಪುಣ್ಯ.

"ನೆಲ್ಸನ್‌ನ ಮನೆಯಲ್ಲಿದ್ದೀಯಾ? ಹಬ್ಬ ಅಲ್ವಾ ಇವತ್ತು. ಫೋನ್ ಅವನಿಗೆ ಕೊಡು ನೋಡುವ."

"ಅವನು ಬಿಜಿ ಇದ್ದಾನೆ ಉಮ್ಮ. ಎಂತ ಬೇಕಿತ್ತು?"

"ಆ ಪಾಲಕ್ ಕಡಲೆಯದ್ದು ಮೋನೇ. ಎರಡು ಸಲ ಮಾಡಿದೆ, ಅಲ್ಲಿಯ ರುಚಿ ಬರುದೇ ಇಲ್ಲ. ನಾಳೆ ಶುಕ್ರವಾರ ನಮ್ಮ ಒಟ್ಟಿಗೆ ಹಜ್ಜಿಗೆ ಬಂದ ಹೆಂಗಸರನ್ನೆಲ್ಲ ಊಟಕ್ಕೆ ಕರೆದಿದ್ದೇನೆ. ಅದಕ್ಕೆ ಅವರು ಇನ್ನೆಂತ ಹಾಕ್ತಾರೆ ಅಂತ ಅವನಲ್ಲಿ ಕೇಳು."

ಹೇಳಿಬಿಡಬಹುದಿತ್ತು. ಬಾಯಿ ತೆರೆದಿತ್ತು ಕೂಡ. ಹೇಳಿದರೆ ಆ ಎರಡು ತಟ್ಟೆ ಉಮ್ಮನ ಹೊಟ್ಟೆಯಲ್ಲಿ ಸಾಯುವ ತನಕ ಕೂತಿರುತ್ತದೆ, ಹಜ್ಜಿನ ನೀರೂ ಅದನ್ನು ತೊಳೆಯದು ಎಂದು ಅವರು ಕೊರಗುತ್ತಾರೆ. ಹೇಳದಿದ್ದರೆ ನೆಲ್ಸನ್ ಮಾಡಿದ್ದನ್ನೇ ತಾನೂ ಮಾಡಿದ ಹಾಗೆ. ಬಸ್ಸು ಬಂದು ನಿಂತು, ಬಾಗಿಲು ತೆರೆದು, ಮುಚ್ಚಿ ಹೋಯಿತು.

"ಜೀರಿಗೆ ಉಮ್ಮ" ಎಂದ ಝುಹೈಬ್. "ಜೀರಿಗೆ ಜಾಸ್ತಿ ಹಾಕ್ಬೇಕು, ಹುರಿದು. ಬೇರೆ ಎಂತ ಇಲ್ಲ."

"ನೆಲ್ಸನ್ ಹೇಳಿದ್ನಾ?"

"ಹೌದುಮ್ಮ. ನೆಲ್ಸನ್ನೇ ಹೇಳಿದ್ದು."

"ಹಾಗಾದ್ರೆ ಸರಿ" ಎಂದರು ಉಮ್ಮ, ನೆಮ್ಮದಿಯಿಂದ. ಅವರ ಹಿಂದೆ ಬಂದರಿನ ಮಸೀದಿಯಿಂದ ಸಂಜೆಯ ಮಗ್ರಿಬ್ ಬಾಂಗ್ ಕೇಳಿಸಿತು. ನಮಾಜಿಗೆ ಹೊತ್ತಾಯಿತು, ದುಆ ಬೇಡುವಾಗ ನಿಮ್ಮಿಬ್ಬರ ಹೆಸರನ್ನೂ ಒಟ್ಟಿಗೇ ಹೇಳುತ್ತೇನೆ ಎಂದು ಫೋನ್ ಇಟ್ಟರು.