ಸಿದರಾಯನ ನೇರಳೆ ಕುರಿಗಳು

ಉಗಾರ ಖುರ್ದದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯ ಮೇಲೆ ಸಪನಾಳ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳಿನ ನಡುವೆ ಒಂಬತ್ತು ವರ್ಷಗಳಿಂದ ಅವಳು ಪ್ರಿಂಟರು, ಲ್ಯಾಪ್‌ಟಾಪು, ಹಾಲಿನ ಸೊಸೈಟಿಯ ಯಂತ್ರ ಎಲ್ಲವನ್ನೂ ಬಿಚ್ಚಿ ಜೋಡಿಸುತ್ತ ಬಂದಿದ್ದಾಳೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಅಥಣಿ ತಾಲೂಕಿನ ಅನಂತಪುರ ಹಳ್ಳಿಯ ಮಾಳೇಶ ಅವಳ ಫೋನಿಗೆ ಒಂದು ಫೋಟೊ ಕಳಿಸಿದ. ಅದು ಕಂಪ್ಯೂಟರ್ ಪರದೆಯ ಫೋಟೊ. ಹಸಿರು ಗುಡ್ಡದ ಮೇಲೆ ಕುರಿಗಳ ಹಿಂಡು. ಅದರಲ್ಲಿ ಅರ್ಧ ಕುರಿಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಎರಡು ಕುರಿಗಳ ಕಾಲುಗಳು ಮುಳ್ಳಿನಂತೆ ಚೂಪಾಗಿ ಆಕಾಶದವರೆಗೆ ಎಳೆದುಕೊಂಡಿದ್ದವು. ಆಕಾಶ ಚೌಕಳಿ ಲುಂಗಿಯಂತಾಗಿತ್ತು.

ಮಾಳೇಶ ಮದುವೆಯ ವಿಡಿಯೊ ಮಾಡುವವನು. ಅಥಣಿಯಲ್ಲಿ ಹೊಸ ಕಂಪ್ಯೂಟರ್ ಕೊಂಡಾಗ ಹಳೆಯದನ್ನು ಪರದೆಯ ಚಿತ್ರ ಮೂಡಿಸುವ ಅದರ ಗ್ರಾಫಿಕ್ಸ್ ಕಾರ್ಡ್ ಸಮೇತ ಮನೆಗೆ ತಂದು ಅಪ್ಪನ ಮುಂದೆ ಇಟ್ಟಿದ್ದ. ಅಪ್ಪ ಸಿದರಾಯನಿಗೆ ಅರವತ್ತಾರು ವರ್ಷ. ಹತ್ತು ವರ್ಷದವನಿದ್ದಾಗ ಕುರಿಗಳ ಹಿಂದೆ ಹೊರಟವನು, ಹೋದ ವರ್ಷ ಹಳ್ಳದ ಬಂಡೆಯ ಮೇಲೆ ಜಾರಿ ಮೊಣಕಾಲು ಮುರಿದುಕೊಳ್ಳುವವರೆಗೂ ನಿಂತಿರಲಿಲ್ಲ. ಹಿಂಡನ್ನು ತನ್ನ ತಮ್ಮ ಮಾಳಸಿದ್ದನಿಗೆ ಒಪ್ಪಿಸಿದ ದಿನದಿಂದ ನಾಲ್ಕು ತಿಂಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ತಾರವ್ವ ಕೇಳಿದ್ದಕ್ಕೆ ಹೂಂ ಎನ್ನುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಕುರಿ ಕಾಯುವ ಒಂದು ಆಟವನ್ನು ಮಾಳೇಶ ಸುಮ್ಮನೆ ಹಾಕಿಕೊಟ್ಟಿದ್ದ. ಮೂರನೆಯ ದಿನ ಸಿದರಾಯ ಎದ್ದು ಕುಳಿತು, ಈ ಗುಡ್ಡದಲ್ಲಿ ಕುರಿಗಳನ್ನು ಇಳಿಸುವ ದಾರಿ ಸರಿಯಿಲ್ಲ ಎಂದಿದ್ದ. ಅಲ್ಲಿಂದ ಮಾತು ಮತ್ತೆ ಶುರುವಾಗಿತ್ತು.

ಈಗ ಕುರಿಗಳು ನೇರಳೆಯಾದ ಮೇಲೆ ಅವನು ಮತ್ತೆ ಗೋಡೆಯ ಕಡೆ ತಿರುಗಿದ್ದಾನೆ, ಒಮ್ಮೆ ಬಂದು ನೋಡಬೇಕು ಎಂದು ಮಾಳೇಶ ಬರೆದಿದ್ದ. ಮದುವೆಗಳ ಕಾಲವಾದ್ದರಿಂದ ಅವನಿಗೆ ಮನೆಯಲ್ಲಿ ಇರಲಾಗುತ್ತಿರಲಿಲ್ಲ.

ಸಪನಾ ಮರುದಿನ ಸ್ಕೂಟಿಯ ಮೇಲೆ ಅನಂತಪುರಕ್ಕೆ ಹೋದಳು. ಕೆಲವು ಮನೆಗಳಲ್ಲಿ ಯಾವ ಊರು, ಯಾರ ಮಗಳು ಎಂದು ಕೇಳಿದ ಮೇಲೆ ಅವಳನ್ನು ಒಳಗೆ ಕರೆಯದೆ ಕುರ್ಚಿಯನ್ನು ಅಂಗಳಕ್ಕೇ ತಂದು ಹಾಕುವುದುಂಟು. ತಾರವ್ವ ಅದೊಂದನ್ನೂ ಕೇಳಲಿಲ್ಲ. ಗಾಡಿಯ ಸಪ್ಪಳ ಕೇಳಿದ್ದೇ ಒಳಗೆ ಹೋಗಿ, ಕೆಂಪು ಅಂಚಿನ ಒಂದು ಕರಿ ಕಂಬಳಿ ತಂದು ನೆಲಕ್ಕೆ ಹಾಸಿದಳು. ಅದು ಅವಳೇ ನೇಯ್ದ ಕಂಬಳಿ. ಕುಳಿತರೆ ಬಿಸಿಲಲ್ಲಿ ಇಟ್ಟು ತೆಗೆದಂತೆ ಬೆಚ್ಚಗಿತ್ತು.

ಸಪನಾ ಯಂತ್ರವನ್ನು ಒಮ್ಮೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಸಿದರಾಯ ಬಾಣದ ಗುರುತಿನ ನಾಲ್ಕು ಕೀಲಿಗಳನ್ನು ಒತ್ತುತ್ತ ಹಿಂಡನ್ನು ಗುಡ್ಡ ಹತ್ತಿಸಿದ. ಒಂದು ತಾಸು ಆಡಿದರೂ ಕುರಿಗಳು ಬೆಳ್ಳಗೇ ಉಳಿದವು. ಆದರೂ ಅವಳು ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಪ್ರೋಗ್ರಾಂ ತೆಗೆದು ಹೊಸದಾಗಿ ಹಾಕಿದಳು, ಪರದೆಯ ಕೇಬಲ್ ಬದಲಿಸಿದಳು, ಆಟದಲ್ಲಿ ಚಿತ್ರದ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದಳು. ಸಿದರಾಯ ಅವಳ ಕೈಗಳನ್ನೇ ನೋಡುತ್ತಿದ್ದ. ಹೊರಡುವಾಗ ತಾರವ್ವ ಮಜ್ಜಿಗೆ ಕೊಟ್ಟಳು.

ಎರಡು ದಿನ ಬಿಟ್ಟು ಫೋನ್ ಬಂತು. ಕುರಿಗಳು ಮತ್ತೆ ನೇರಳೆಯಾಗಿದ್ದವು, ಆಮೇಲೆ ಪರದೆ ಪೂರ್ತಿ ಕಪ್ಪಾಗಿತ್ತು. ಸಪನಾ ಹೋಗಿ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಅಂಗಡಿಗೆ ಹೊತ್ತು ತಂದಳು. ಮೇಜಿನ ಮೇಲೆ ಇಟ್ಟು, ಕಾರ್ಡನ್ನು ಸುಸ್ತು ಮಾಡುವಂಥ ಪರೀಕ್ಷೆಯ ಪ್ರೋಗ್ರಾಂ ಹಾಕಿ ಇಡೀ ದಿನ ಓಡಿಸಿದಳು. ಒಂದು ಚುಕ್ಕೆ ಕೂಡ ಕೆಡಲಿಲ್ಲ. ಕಾರ್ಡ್ ಸ್ವಲ್ಪ ಬಿಸಿಯಾಗುತ್ತಿತ್ತು, ಹಳೆಯ ಕಾರ್ಡಿಗೆ ಅದು ಸಹಜ ಎಂದುಕೊಂಡಳು. ಮೇಲಿನ ಧೂಳು ಊದಿ, ತಿರುಗಿ ಅನಂತಪುರಕ್ಕೆ ಒಯ್ದು ಜೋಡಿಸಿದಳು. ಅವತ್ತೂ ಕಂಬಳಿ ಹಾಸಿದ್ದರು. ಅವತ್ತೂ ಕುರಿಗಳು ಬೆಳ್ಳಗಿದ್ದವು.

ಸಿದರಾಯನಿಗೆ ನಾಚಿಕೆಯಾಯಿತು. ತಾನು ಸುಳ್ಳು ಹೇಳಿ ಹುಡುಗಿಯನ್ನು ಓಡಾಡಿಸುತ್ತಿದ್ದೇನೆ ಎಂದು ಅವಳು ತಿಳಿದುಕೊಂಡಾಳೆಂಬ ಅಳುಕು ಅವನಿಗೆ. ಸಪನಾ ಅವನ ಪಕ್ಕದಲ್ಲಿ ಕುಳಿತು, ಫೋಟೊ ತಾನೇ ನೋಡಿದ್ದೇನೆ, ದೋಷ ಇರುವುದು ನಿಜ, ಅದು ತನಗೆ ಸಿಕ್ಕಿಲ್ಲ ಅಷ್ಟೇ ಎಂದಳು. ಆಮೇಲೆ, ಕುರಿಗೆ ಜಡ್ಡಾದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

ಸಿದರಾಯ ಅವಳ ಕಡೆ ತಿರುಗಿದ.

"ಕುರಿ ಬಾಯಿಬಿಟ್ಟು ಹೇಳಂಗಿಲ್ಲವ್ವ. ಯಾವಾಗ ಹಿಂದ ಬೀಳತೈತಿ, ಎಲ್ಲಿ ನಿಲ್ಲತೈತಿ, ಏನ ತಿಂದಿತ್ತು, ಅದನ್ನ ನೋಡತಿದ್ದೆ. ನಾನಿಲ್ಲದಾಗ ಏನಾತು ಅಂತ ಕೇಳತಿದ್ದೆ."

ತಾನಿಲ್ಲದಾಗ ಏನಾಗುತ್ತದೆ ಎಂಬುದನ್ನು ಸಪನಾ ಕೇಳಿಯೇ ಇರಲಿಲ್ಲ. ಇನ್ನೊಮ್ಮೆ ಕೆಟ್ಟಾಗ ಯಂತ್ರ ಬಂದ್ ಮಾಡದೆ ತನಗೆ ವಿಡಿಯೊ ಕಾಲ್ ಮಾಡಬೇಕೆಂದು ಹೇಳಿ, ಹೇಗೆ ಮಾಡುವುದೆಂದು ಅವನಿಗೆ ನಾಲ್ಕು ಸಲ ತೋರಿಸಿ ಹೋದಳು.

ಮೂರನೆಯ ದಿನ ಮಧ್ಯಾಹ್ನ ಕಾಲ್ ಬಂತು. ಮೊದಲು ಸಿದರಾಯನ ಹಣೆ ಕಾಣಿಸಿತು, ಆಮೇಲೆ ಛಾವಣಿಯ ತಗಡು, ಆಮೇಲೆ ಪರದೆ. ನೇರಳೆ ಕುರಿಗಳು ಅಲ್ಲಿದ್ದವು. ಯಂತ್ರದೊಳಗಿನ ಪಂಖ ಗುರ್ ಎಂದು ಜೋರಾಗಿ ಕೂಗುವುದು ಫೋನಿನಲ್ಲೂ ಕೇಳುತ್ತಿತ್ತು.

"ಕಾಕಾ, ಫೋನ ಆ ಡಬ್ಬಿ ಕಡೆ ತಿರಗಸ್ರಿ," ಎಂದಳು ಸಪನಾ.

ಫೋನ್ ತಿರುಗಿತು. ಕ್ಯಾಬಿನೆಟ್ಟಿನ ಮೇಲೆ, ನಾಲ್ಕೂ ಬದಿಗೆ ಬಿಗಿಯಾಗಿ, ಮದುಮಗನಿಗೆ ಹೊದಿಸಿದಂತೆ ಒಪ್ಪವಾಗಿ ಕರಿ ಕಂಬಳಿ ಹೊದಿಸಿದ್ದರು. ಅಂಚು ಕೆಂಪಗಿತ್ತು. ಸಪನಾ ಇಷ್ಟು ದಿನ ಕುಳಿತದ್ದು ಅದರ ಮೇಲೆಯೇ. ಅವಳು ಬಂದಾಗಲೆಲ್ಲ ತಾರವ್ವ ಅದನ್ನು ಯಂತ್ರದ ಮೇಲಿಂದ ತೆಗೆದು ಅವಳಿಗೆ ಹಾಸುತ್ತಿದ್ದಳು. ಯಂತ್ರಕ್ಕೆ ಗಾಳಿ ಸಿಗುತ್ತಿತ್ತು, ಕುರಿಗಳು ಬೆಳ್ಳಗಾಗುತ್ತಿದ್ದವು.

ಅದನ್ನು ತೆಗೆಯಿರಿ ಎಂದು ಫೋನಿನಲ್ಲೇ ಹೇಳಿಬಿಡಬಹುದಿತ್ತು. ಸಪನಾಳಿಗೆ ಮನಸ್ಸಾಗಲಿಲ್ಲ. ಸದ್ಯಕ್ಕೆ ಯಂತ್ರ ಬಂದ್ ಮಾಡಿರಿ, ನಾಳೆ ಬರುತ್ತೇನೆ ಎಂದಳು. ತನಗಾಗಿ ಎರಡು ಮಾತಿಲ್ಲದೆ ಕಂಬಳಿ ಹಾಸಿದ ಹೆಂಗಸಿಗೆ, ನಿನ್ನ ಕಂಬಳಿಯಿಂದಲೇ ಕೆಟ್ಟಿತು ಎಂದು ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದಳು. ತಪ್ಪನ್ನು ಮಾಳೇಶನ ಮೇಲೆ ಹಾಕೋಣವೆಂದರೆ ಅದು ಸುಳ್ಳಾಗುತ್ತದೆ. ಅನಂತಪುರ ಮುಟ್ಟಿದಾಗಲೂ ಅವಳಿಗೆ ಮಾತು ಸಿಕ್ಕಿರಲಿಲ್ಲ.

ತಾರವ್ವ ಎಂದಿನಂತೆ ಕಂಬಳಿ ಹಿಡಿದು ಬಂದಳು. ಸಪನಾ ಕುಳಿತುಕೊಳ್ಳದೆ ಅದರ ಒಂದು ತುದಿ ಹಿಡಿದು, ಇದನ್ನು ನೇಯಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದಳು. ಎರಡು ತಿಂಗಳು ಎಂದಳು ತಾರವ್ವ. ಗಂಡನ ಹಿಂಡು ಮನೆ ಬಿಡುವ ಮುಂಚೆ ಕತ್ತರಿಸಿದ ಕೊನೆಯ ಉಣ್ಣೆ ಅದು. ಧೂಳು ಬೀಳದಂತೆ ನೋಡಿಕೋ ಎಂದು ಮಾಳೇಶ ಹೇಳಿದ್ದ, ಅದಕ್ಕೇ ಯಂತ್ರದ ಅಳತೆಗೆ ನೇಯ್ದೆ ಎಂದಳು. ಆಮೇಲೆ ದನಿ ತಗ್ಗಿಸಿ, "ಅವ್ರನ್ನ ಮಾತಾಡಿಸಿದ್ದ ಅದ ನೋಡ. ಅದಕೊಂದ ಏನಾರ ಮಾಡಬೇಕ ಅನಸ್ತು," ಎಂದಳು.

ಸಪನಾ ಅವಳ ಕೈ ಹಿಡಿದು ಕ್ಯಾಬಿನೆಟ್ಟಿನ ಹಿಂಭಾಗದ ತೂತುಗಳ ಮುಂದೆ ಇಟ್ಟಳು. ಯಂತ್ರ ಚಾಲೂ ಮಾಡಿದಾಗ ಬಿಸಿಗಾಳಿ ಬೆರಳುಗಳ ಮೇಲೆ ಬಂತು.

"ಆಯಿ, ಇದು ಇಲ್ಲಿಂದ ಉಸರ ಬಿಡತೈತ್ರಿ."

ತಾರವ್ವ ಕೈ ತೆಗೆಯಲಿಲ್ಲ. ಅವಳು ತಾನಾಗಿ ಕಂಬಳಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು.

"ಬ್ಯಾಸಗ್ಯಾಗ ಉಣ್ಣಿ ಕತ್ತರಸದ ಕುರಿ ಹೊಡಕೊಂಡ ಹೋದಂಗಾತು," ಎಂದಳು. ಮುಖ ಸಣ್ಣದಾಗಿತ್ತು. "ನಾನ ಕೆಡಿಸೇನಿ."

ಸಿದರಾಯ ಕೋಲು ಊರಿ ಎದ್ದ. ನಗುತ್ತಾನೋ ಸಿಟ್ಟಾಗುತ್ತಾನೋ ಸಪನಾಳಿಗೆ ತಿಳಿಯಲಿಲ್ಲ. ಅವನು ಹೆಂಡತಿಯ ಕೈಯಿಂದ ಕಂಬಳಿ ತೆಗೆದುಕೊಂಡು, ತಿರುಗಿ ಬಂದು ಕುಳಿತು, ಮುರಿದ ಮೊಣಕಾಲಿನ ಮೇಲೆ ಹೊದ್ದುಕೊಂಡ.

"ಮುಂಜಾನೆ ಥಂಡಿಗೆ ಈ ಕಾಲ ಬಾಳ ನೋಯತೈತಿ," ಎಂದ. "ಒಂದ ತಿಂಗಳದಿಂದ ಆ ಡಬ್ಬಿ ನೋಡಿ ಹೊಟ್ಟಿಕಿಚ್ಚ ಪಟ್ಟೇನಿ."

ತಾರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಷ್ಟು ದಿನ ಬಾಯಿಗೆ ಏನಾಗಿತ್ತು ಎಂದು ಅವನನ್ನು ಬೈದಳು. ಬೈಗುಳ ಶುರುವಾದದ್ದು ಕೇಳಿ ಸಪನಾಳ ಎದೆ ಹಗುರಾಯಿತು.

ಕಾರ್ಡ್ ಹೊರಗೆ ತೆಗೆದು ಪಂಖ ಬಿಚ್ಚಿ ನೋಡಿದರೆ, ಕೆಳಗಿನ ತೆಳು ತಗಡುಗಳ ಸಂದಿಯಲ್ಲಿ ಕಂಬಳಿಯ ಕೂದಲು ಜಡೆಗಟ್ಟಿ ಕುಳಿತಿತ್ತು. ಸಪನಾ ಮೇಲಿನಿಂದ ಊದಿದಾಗ ಅದು ಕಂಡಿರಲಿಲ್ಲ. ಅವಳ ಬ್ರಶ್ಶಿಗೆ ಅದು ಜಗ್ಗಲಿಲ್ಲ. ತಾರವ್ವ ಅವಳನ್ನು ಪಕ್ಕಕ್ಕೆ ಸರಿಸಿ, ದಬ್ಬಳ ತಂದು, ಒಂದು ತಗಡನ್ನೂ ಬಾಗಿಸದೆ ಎಳೆ ಎಳೆಯಾಗಿ ಬಿಡಿಸಿ ತೆಗೆದಳು. ನಲವತ್ತೈದು ವರ್ಷ ಉಣ್ಣೆ ಬಿಡಿಸಿದ ಬೆರಳುಗಳು. ಸಪನಾ ಕಾರ್ಡಿನ ಬಿಸಿಯನ್ನು ತಗಡಿಗೆ ದಾಟಿಸುವ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಎಲ್ಲವನ್ನೂ ಮತ್ತೆ ಜೋಡಿಸಿದಳು. ಯಂತ್ರವನ್ನು ಗೋಡೆಯಿಂದ ಒಂದು ಮೊಳ ದೂರ ಸರಿಸಿದರು. ಆಟ ಮುಗಿದು ಯಂತ್ರ ಪೂರ್ತಿ ತಣ್ಣಗಾದ ಮೇಲೆ ಒಂದು ಹಳೆಯ ಧೋತರ ಮುಚ್ಚಬಹುದು ಎಂದು ಮಾತಾಯಿತು.

ನೆತ್ತಿಯ ಮೇಲೆ ಬಿಸಿಲಿತ್ತು. ಎರಡು ತಾಸು ಆಟ ಓಡಿತು. ಸಿದರಾಯ ಬೇಕೆಂದೇ ಹಿಂಡನ್ನೆಲ್ಲ ಒಂದೇ ಕಡೆ ಗುಂಪು ಮಾಡಿದ, ಹೊಳೆ ದಾಟಿಸಿದ, ಓಡಿಸಿದ. ಒಂದು ಕುರಿಯೂ ಬಣ್ಣ ಬದಲಿಸಲಿಲ್ಲ. ಅವನು ಕುರ್ಚಿಗೆ ಒರಗಿ, ಆಡಲು ಬಾ ಎಂದು ಹೆಂಡತಿಯನ್ನು ಕರೆದ. ಅಲ್ಲಿಯವರೆಗೆ ಅವಳು ಆ ಪರದೆಯ ಮುಂದೆ ಒಮ್ಮೆಯೂ ಕುಳಿತಿರಲಿಲ್ಲ. ಬೇಡ ಎನ್ನುತ್ತಲೇ ಬಂದು, ಕೀಲಿಗಳ ಮೇಲೆ ಬೆರಳಿಟ್ಟು, ಹಿಂಡನ್ನು ಸೀದಾ ಮುಳ್ಳುಕಂಟಿಗೆ ನುಗ್ಗಿಸಿದಳು. ಸಿದರಾಯ ಅವಳ ಬೆರಳನ್ನು ಎತ್ತಿ ಬೇರೆ ಕೀಲಿಯ ಮೇಲೆ ಇಟ್ಟ. ಹಿಂಡು ಹೊರಗೆ ಬಂತು. ತಾರವ್ವ ಹಿಂಡಿನ ಮೇಲೆ ಒಂದು ಸಲ ಕಣ್ಣು ಹಾಯಿಸಿದಳು.

"ಒಂದ ಕಡಿಮಿ ಐತಿ," ಎಂದಳು.

ಸಿದರಾಯ ಎಣಿಸಿದ. ನಿಜವಾಗಿಯೂ ಒಂದು ಕಡಿಮೆ ಇತ್ತು. ಇಬ್ಬರೂ ಮುಂದೆ ಬಾಗಿ, ಬಂಡೆಗಳ ಹಿಂದೆ, ಹೊಳೆಯ ದಂಡೆಯಲ್ಲಿ ಅದನ್ನು ಹುಡುಕತೊಡಗಿದರು. ಆ ಕಡೆ ಇರಬೇಕು ಎಂದು ಒಬ್ಬರು, ಈ ಕಡೆ ಎಂದು ಒಬ್ಬರು. ಸಪನಾಳಿಗೆ ಅಂಗಡಿಯಲ್ಲಿ ಕೆಲಸವಿತ್ತು. ಅವಳು ಬರಿ ನೆಲದ ಮೇಲೆ ಅವರ ಹಿಂದೆ ಕುಳಿತು, ಎಡಕ್ಕೆ ಕಂಟಿಯ ಹಿಂದೆ ಏನೋ ಬೆಳ್ಳಗೆ ಕಾಣುತ್ತಿದೆ ಎಂದು ಬೆರಳು ತೋರಿಸಿದಳು.