ಅಕ್ಕನ ನೆಲ, ತಮ್ಮನ ಚಾವಣಿ

ಅಪ್ಪ ಕಟ್ಟಿಸಿದ ಮನೆ ಪಾಲಾದಾಗ ಮಹಡಿ ಅಕ್ಕನಿಗೆ ಬಂತು, ಕೆಳಗಿನದು ತಮ್ಮನಿಗೆ. ನಡುವಿನ ಆರು ಮರದ ತೊಲೆಗಳು ಯಾರ ಪಾಲೆಂದು ಯಾರೂ ಕೇಳಲಿಲ್ಲ. ಅಕ್ಕ ಮೇಲೆ ಎರಡು ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಕೈಜಾರಿದ ದಾರದ ಉಂಡೆಗಳೆಲ್ಲ ತಾವಾಗಿಯೇ ಉರುಳಿ ಬಚ್ಚಲ ಗೋಡೆ ಸೇರತೊಡಗಿದಾಗ ಅವಳು ಬಡಗಿಯನ್ನು ಕರೆಸಿದಳು.

"ಒಂದೊಂದು ತೊಲೆ ಪಕ್ಕಕ್ಕೂ ಹೊಸ ಮರ ಜೋಡಿಸಿ ಬೋಲ್ಟ್ ಬಿಗಿದ್ರೆ ಇನ್ನೊಂದು ತಲೆಮಾರು ಗಟ್ಟಿ ಅಕ್ಕಾ. ಆದ್ರೆ ಕೆಲಸ ಕೆಳಗಿಂದ್ಲೇ ಆಗ್ಬೇಕು," ಎಂದ ಅವನು.

ತಮ್ಮ ಆಗಷ್ಟೇ ಚಾವಣಿಗೆ ಹೊಸ ಹಲಗೆ ಹೊಡೆಸಿ ಬಣ್ಣ ಬಳಿಸಿದ್ದ. "ಜಗ್ಗಿರೋದು ನಿನ್ನ ನೆಲ. ನನ್ನ ಚಾವಣಿ ಯಾಕೆ ಕೀಳಿಸ್ಲಿ?"

"ತಲೆ ಮೇಲೆ ಬಿದ್ದಾಗ ಗೊತ್ತಾಗ್ತದೆ ಬಿಡು," ಎಂದುಬಿಟ್ಟಳು ಅಕ್ಕ. ಅಲ್ಲಿಂದ ಒಂದು ವರ್ಷ ಇಬ್ಬರಿಗೂ ಮಾತಿಲ್ಲ, ಕತೆಯಿಲ್ಲ.

ಹೊಸ ಹಲಗೆಗಳೇ ಬಾಯಿಬಿಟ್ಟ ಮೇಲೆ ತಮ್ಮ ಮೆಟ್ಟಿಲು ಹತ್ತಿ ಬಂದ. ಒಳಗೆ ಕಾಲಿಡದೆ, "ಕರೆಸು ನಿನ್ನ ಬಡಗೀನ," ಎಂದ.

ಬಡಗಿ ಚಾವಣಿ ಬಿಚ್ಚಿ, ಜಾಕ್ ಕೊಟ್ಟು, ಮೊದಲೆರಡು ತೊಲೆಗಳಿಗೆ ಹೊಸ ಮರ ಬಿಗಿದ. ಅಕ್ಕನ ಜೀವ ಕೊಂಚ ತಂಪಾಯಿತು. ಮೂರನೆಯದು ಬಚ್ಚಲ ಕಡೆಯದು. ಗೋಡೆಯೊಳಗೆ ಹೂತ ಅದರ ತುದಿಯ ಗಾರೆ ಕೆತ್ತಿ ಉಳಿ ಒತ್ತಿದ. ಉಳಿ ಹಿಡಿಯವರೆಗೂ ಇಳಿಯಿತು. ಮಿಕ್ಕ ಮೂರೂ ಹಾಗೆಯೇ.

"ಪೂರಾ ಲಡ್ಡಾಗಿದೆ. ಇದಕ್ಕೆ ಜೋಡಿ ಕೊಟ್ರೆ ಮೂಗಿಗಿಂತ ಮೂಗುತಿ ಭಾರ. ಬೋಲ್ಟ್ ಕಚ್ಚೋಕೆ ಮರವೇ ಇಲ್ಲ."

"ಹೊಸ ತೊಲೇನೇ ಹಾಕಿದ್ರೆ?"

"ಎಲ್ಲಿ ಕೂರಿಸ್ಲಿ ಅಕ್ಕಾ?" ಗೋಡೆಯ ಇಟ್ಟಿಗೆ ಚೂರೊಂದನ್ನು ಬೆರಳಲ್ಲೇ ಕಿತ್ತು ಅವಳ ಕೈಗಿಟ್ಟ. ಹಿಚುಕಿದರೆ ಪುಡಿಯಾಯಿತು.

ಜಾಕಿನ ಪಕ್ಕ ನಿಂತಿದ್ದ ತಮ್ಮ ಮೆಲ್ಲಗೆ ಕೇಳಿದ: "ಆವತ್ತೇ ನಾನು ಹೂಂ ಅಂದಿದ್ರೆ ಉಳೀತಿತ್ತಾ?"

ಬಡಗಿ ಉಳಿ ಒರೆಸತೊಡಗಿದ.

"ಉಳೀತಿತ್ತು," ಎಂದಳು ಅಕ್ಕ. ಹೇಳಬಾರದಿತ್ತು ಎಂದು ಆ ಕ್ಷಣವೇ ಅನ್ನಿಸಿತು. ಮಾತು ಆಡಿ ಆಗಿತ್ತು.

ವಾರದೊಳಗೆ ಮನೆ ಖಾಲಿಯಾಯಿತು. ಯಂತ್ರಗಳನ್ನು ಅಕ್ಕ ತಮ್ಮ ಇಬ್ಬರೇ ಹಿಡಿದು ಇಳಿಸಿದರು. ಮೆಟ್ಟಿಲ ತಿರುವಿನಲ್ಲಿ "ಹುಷಾರು" ಎಂದದ್ದಷ್ಟೇ ಮಾತು. ತಮ್ಮ, ಹೆಂಡತಿ ಮಕ್ಕಳೊಂದಿಗೆ, ಮಾವನ ಮನೆಗೆ ಹೊರಟ. ಏನೋ ಕೇಳಲು ಬಾಯಿ ತೆರೆದವನು, ಲಾರಿಯವನು ಹಾರ್ನ್ ಹೊಡೆದದ್ದೇ ತಡ, ಹತ್ತಿ ಕುಳಿತ.

ಅಕ್ಕ ಹಿಡಿದ ಬಾಡಿಗೆ ಕೋಣೆಯಲ್ಲಿ ಒಂದೇ ಯಂತ್ರ ಹಿಡಿಸಿತು. ಇನ್ನೊಂದನ್ನು ಹೊರಗೆ ಗೋಡೆಗೆ ಒರಗಿಸಿ, ಅದರ ಮೇಲೆ ಹಳೆಯ ಗೋಣಿ ಹೊದಿಸಿದಳು.